ಬಯಲುಸೀಮೆಯವರ ನೇಚರ್ ಜರ್ನಲ್: ನಮ್ಮ ಕಡೆ ಬಿಡಿಸೋಕೆ ಏನಿದೆ?

ಕೆರೆ ಏರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನದು ಲೆಕ್ಕಪತ್ರದ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೂ ಜಿಎಸ್‌ಟಿ, ಎಕ್ಸೆಲ್, ಫೋನು. ಮನೆಗೆ ಬಂದರೂ ತಲೆಯಲ್ಲಿ ಅದೇ ಅಂಕಿಗಳು ಓಡುತ್ತಿರುತ್ತವೆ. ಹಾಗಾಗಿ ಒಂದು ಸ್ಕೆಚ್ ಪುಸ್ತಕ ತಂದೆ. ಕಣ್ಣಿಗೆ ಬಿದ್ದ ಗಿಡ, ಹಕ್ಕಿ, ಮೋಡ ಬಿಡಿಸಿ ಪಕ್ಕದಲ್ಲಿ ಒಂದೆರಡು ಸಾಲು ಬರೆಯುತ್ತೇನೆ. ನೇಚರ್ ಜರ್ನಲ್ ಅಂದರೆ ಇದೇ. ಬೆಳಿಗ್ಗೆ ಕುಂದವಾಡ ಕೆರೆಗೆ ವಾಕಿಂಗ್ ಹೋದಾಗ ಏರಿ ಮೇಲೆ ಕೂತು ಬಿಡಿಸುವುದು. ಮನಸ್ಸು ಹಗುರ ಆಗುವುದು ನಿಜ.

ಆದರೆ ಒಂದು ಕಿರಿಕಿರಿ ಇದೆ. ಯೂಟ್ಯೂಬಿನಲ್ಲಿ ಇದನ್ನು ಕಲಿಸುವವರೆಲ್ಲ ಬೇರೆ ದೇಶದವರು. ಮೇಪಲ್ ಎಲೆ, ಅಣಬೆ, ರಾಬಿನ್ ಹಕ್ಕಿ, ಹಿಮ. ನಮ್ಮ ರಾಜ್ಯದವರು ಯಾರಾದರೂ ಸಿಕ್ಕರೆ ಅವರದ್ದು ಮಲೆನಾಡು. ಅಲ್ಲಿ ಕೈ ಹಾಕಿದ ಕಡೆಯೆಲ್ಲ ಹಸಿರು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಧೂಳು, ಜಾಲಿ, ಖಾಲಿ ಸೈಟು. ಪುಸ್ತಕ ತೆರೆದರೆ ಹೋದ ವಾರದ್ದೇ ಬೇವಿನ ಎಲೆ ಮತ್ತೆ. ನಮ್ಮ ಕಡೆಯವರು ಯಾರಾದರೂ ಇದನ್ನು ಮಾಡ್ತಿದ್ದೀರಾ? ಏನು ಬಿಡಿಸ್ತೀರಾ? ಸಾಮಾನು ಏನು ಬೇಕು?

ಮಂಡಕ್ಕಿ ಮಿರ್ಚಿ

ಬೆಣ್ಣೆದೋಸೆ ಬಿಡಿಸಿ. ಅದೂ ಪ್ರಕೃತಿನೇ.

ಜಗಳೂರು ಮೇಷ್ಟ್ರು

ನೋಡಮ್ಮ, ನಮ್ಮಲ್ಲಿ ಏನಿಲ್ಲ ಅನ್ನುವುದು ಈ ಸೀಮೆಯ ಹಳೆ ಕಾಯಿಲೆ. ನಾನು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕೈಲಿ ಇಂಥ ಪುಸ್ತಕ ಇಡಿಸುತ್ತೇನೆ. ನಾನು ಮಾಡುವ ಒಂದೇ ಬದಲಾವಣೆ ಏನೆಂದರೆ, ಹಾಳೆ ಮೇಲೆ ಏಪ್ರಿಲ್, ಮೇ ಅಂತ ಬರೆಸಲ್ಲ. ಮಳೆ ನಕ್ಷತ್ರ ಬರೆಸುತ್ತೇನೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆ ಯಾವತ್ತು ಹುಟ್ಟುತ್ತದೆ ಅಂತ ಗೋಡೆ ಕ್ಯಾಲೆಂಡರ್‌ನಲ್ಲೇ ಇರುತ್ತದೆ. ತಿಂಗಳು ದೊಡ್ಡದು, ವಾರ ಚಿಕ್ಕದು. ಗಿಡದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾವಣೆ ಆಗಲು ಈ ಹದಿನಾಲ್ಕು ದಿನ ಸರಿಯಾದ ಅಳತೆ.

ಮಕ್ಕಳಿಗೆ ಇನ್ನೊಂದು ಲಾಭ. ಮನೆಯಲ್ಲಿ ಅಜ್ಜಂದಿರು ಈ ಪುಸ್ತಕದಲ್ಲಿ ಮಾತು ಸೇರಿಸುತ್ತಾರೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅಂತ ಹೇಳಿದವರ ಮುಂದೆ ಪುಸ್ತಕ ಇಟ್ಟು, ಹೋದ ವರ್ಷ ಭರಣಿ ಬಂತಾ ಇಲ್ವಾ ಅಂತ ತೋರಿಸಿದ ಹುಡುಗಿ ಇದ್ದಾಳೆ ನಮ್ಮಲ್ಲಿ. ಅಜ್ಜ ಸುಮ್ಮನಾದರಂತೆ.

ಖಾಲಿ ಸೈಟು ಅಂದಿರಲ್ಲ, ಅಲ್ಲಿ ಎಕ್ಕದ ಗಿಡ ಇದ್ದೇ ಇರುತ್ತದೆ. ಎಲೆ ತಿರುವಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಸಿಕ್ಕರೆ ಅದು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ ಆಗುವಂಥದ್ದು. ಎಕ್ಕದ ಹಾಲಿನ ವಿಷವನ್ನೇ ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಅದೇ ಗಿಡಕ್ಕೆ ಮತ್ತೆ ಮತ್ತೆ ಹೋಗಿ. ಹುಳ, ಕೋಶ, ಖಾಲಿ ಕೋಶ. ಒಂದು ಗಿಡದಲ್ಲಿ ಮಳೆಗಾಲ ಮುಗಿಯುತ್ತದೆ. ಹಾಲು ಕಣ್ಣಿಗೆ ತಾಗದಂತೆ ಮಾತ್ರ ನೋಡಿಕೊಳ್ಳಿ.

ಕೆರೆ ಏರಿ (ದಾವಣಗೆರೆ)

ಮೇಷ್ಟ್ರೇ, ಮಳೆ ನಕ್ಷತ್ರದ ಉಪಾಯ ತುಂಬಾ ಇಷ್ಟ ಆಯ್ತು. ಎಕ್ಕದ ಗಿಡ ನಮ್ಮ ಬೀದಿ ಕೊನೆಯಲ್ಲೇ ಇದೆ. ಪೂಜೆಗೆ ಹೂವು ಕೀಳುವವರನ್ನು ಬಿಟ್ಟರೆ ಅದರ ಕಡೆ ಯಾರೂ ನೋಡಲ್ಲ, ನಾನೂ ಸೇರಿ.

ದುರ್ಗದ ಬಂಡೆ

ಚಿತ್ರದುರ್ಗದಿಂದ. ಹಸಿರು ಇಲ್ಲ ಅಂತ ಕೊರಗುವವರು ಒಮ್ಮೆ ನಮ್ಮ ಕಡೆ ಬನ್ನಿ. ನಾನು ಜಾಸ್ತಿ ಬಿಡಿಸುವುದೇ ಕಲ್ಲು. ಕೋಟೆಯ ಬಂಡೆಗಳನ್ನು ದೂರದಿಂದ ನೋಡಿದರೆ ಬರೀ ಬೂದು. ಎದುರು ಕೂತು ಬಣ್ಣ ಕಲಸಲು ಹೋದಾಗ ಗೊತ್ತಾಗುತ್ತದೆ. ಒಂದು ಕಡೆ ತುಕ್ಕಿನ ಕೆಂಪು, ಒಂದು ಕಡೆ ನಸುಗುಲಾಬಿ. ಮಳೆನೀರು ಇಳಿದ ಜಾಡಿನಲ್ಲಿ ಪಾಚಿ, ಕಲ್ಲುಹೂವು ಬೆಳೆದು ಕಪ್ಪು ಪಟ್ಟೆಗಳು. ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಂಧುಬಳಗವೇ ಇಲ್ಲಿ ಬಂಡೆ ಮೇಲೆ ಬೂದು, ಹಳದಿ, ಕಿತ್ತಳೆ ಚಕ್ಕೆಗಳಾಗಿ ಕೂತಿರುತ್ತದೆ.

ಬಣ್ಣದ ಗುಟ್ಟು ಹೇಳುತ್ತೇನೆ. ಬಂಡೆಗೆ ಕಪ್ಪು ಬಣ್ಣ ಮುಟ್ಟಲೇಬೇಡಿ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಕಂದು, ಎರಡನ್ನೇ ಕಲಸಿ. ನೀಲಿ ಜಾಸ್ತಿ ಆದರೆ ನೆರಳಿನ ತಣ್ಣನೆ ಬೂದು. ಕಂದು ಜಾಸ್ತಿ ಆದರೆ ಬಿಸಿಲು ಬಿದ್ದ ಬೂದು. ಎರಡೂ ಗಟ್ಟಿಯಾಗಿ ಸಮಸಮ ಸೇರಿದರೆ ಕಪ್ಪಿಗೆ ಹತ್ತಿರ. ಇದರ ಜೊತೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಒಂದು ಇದ್ದರೆ ದುರ್ಗದ ಮುಕ್ಕಾಲು ಭಾಗ ನಿಮ್ಮ ಡಬ್ಬಿಯಲ್ಲಿದೆ. ಡಬ್ಬಿಯಲ್ಲಿ ಬರುವ ಹಸಿರನ್ನು ಹಾಗೇ ಹಚ್ಚಬೇಡಿ. ನಮ್ಮ ಗಿಡಗಳು ಅಷ್ಟು ಹಸಿರಲ್ಲ. ಅದಕ್ಕೆ ಚೂರು ಕಂದು ಸೇರಿಸಿದರೆ ಬೇವು, ಜಾಲಿ, ಸೀತಾಫಲ ಎಲ್ಲ ತಮ್ಮ ಬಣ್ಣಕ್ಕೆ ಬರುತ್ತವೆ.

ಕಲ್ಲಿನ ಇನ್ನೊಂದು ಅನುಕೂಲ, ಅದು ಹಾರಿ ಹೋಗಲ್ಲ. ಅದರ ಮೇಲಿನ ಓತಿಕ್ಯಾತ ಮಾತ್ರ ಹೋಗುತ್ತದೆ. ಗಂಡು ಓತಿಗೆ ಜೊತೆ ಹುಡುಕುವ ಕಾಲದಲ್ಲಿ ಮೈ ಕಪ್ಪಾಗಿ ಬೆನ್ನು ಕೆಂಪಾಗುತ್ತದೆ. ಬಂಡೆ ತುದಿಯಲ್ಲಿ ನಿಂತು ತಲೆ ಮೇಲೆ ಕೆಳಗೆ ಆಡಿಸುತ್ತದೆ. ಹತ್ತಿರ ಹೋದರೆ ಓಡುತ್ತದೆ. ಅಲ್ಲಾಡದೆ ಕೂತರೆ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ಆಗ ನಿಧಾನವಾಗಿ ಬಿಡಿಸಬಹುದು.

ಕೋಟೆಗೆ ಬಂದರೆ ಚಿಪ್ಸ್ ಪೊಟ್ಟಣ ತರಬೇಡಿ. ಕೋತಿಗಳು ಬ್ಯಾಗಿನ ಜಿಪ್ ತೆಗೆಯುವುದು ಕಲಿತಿವೆ.

ನೈಟ್ ಶಿಫ್ಟ್

ನಾನು ನರ್ಸ್. ದಾವಣಗೆರೆಯಲ್ಲೇ, ಒಂದು ಆಸ್ಪತ್ರೆಯಲ್ಲಿ. ಕೆರೆ, ಕೋಟೆ ಎಲ್ಲ ನನಗೆ ಆಗದ ಮಾತು. ರಾತ್ರಿ ಪಾಳಿ ಮುಗಿಸಿ ಬಂದರೆ ಕಣ್ಣು ಉರಿಯುತ್ತದೆ, ಆದರೆ ನಿದ್ದೆ ಬರಲ್ಲ. ಕಿಟಕಿ ಎದುರು ಒಂದು ಹೊಂಗೆ ಮರ ಇದೆ. ಅದರ ಒಂದೇ ಕೊಂಬೆ ನನ್ನ ಪುಸ್ತಕದ ತುಂಬ. ಬೇರೆ ಏನೂ ಇಲ್ಲ.

ಯುಗಾದಿ ಹೊತ್ತಿಗೆ ಎಳೆ ಎಲೆ ಬಂದಾಗ ಎಷ್ಟು ಹೊಳಪು ಅಂದರೆ ಬಿಳಿ ಹಾಳೆಯನ್ನೇ ಬಿಟ್ಟು ಹೊಳಪು ತೋರಿಸಬೇಕು. ಆಮೇಲೆ ನಸುಗೆಂಪು ಬೆರೆತ ಬಿಳಿ ಹೂವು. ಕೆಳಗೆಲ್ಲ ಉದುರಿ ಬೈಕಿನ ಸೀಟ್ ಮುಚ್ಚಿಹೋಗುತ್ತದೆ. ಅದಾದ ಮೇಲೆ ಎಲೆಗಳ ಮೇಲೆ ಬೆರಳಿನಂಥ ಗಂಟುಗಳು ಏಳುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳ ಕೆಲಸ ಅದು ಅಂತ ಆಮೇಲೆ ತಿಳಿಯಿತು. ವರ್ಷಗಟ್ಟಲೆ ಆ ಮರದ ಕೆಳಗೆ ಗಾಡಿ ನಿಲ್ಲಿಸಿದ್ದೇನೆ, ಎಲೆ ಮೇಲೆ ಗಂಟಿದೆ ಅಂತ ಪೆನ್ಸಿಲ್ ಹಿಡಿಯುವವರೆಗೆ ಕಂಡಿರಲಿಲ್ಲ.

ಚಿತ್ರ ಬರಲ್ಲ ಅನ್ನುವವರಿಗೆ ಒಂದು ದಾರಿ. ಹಾಳೆ ನೋಡಲೇಬೇಡಿ. ಕಣ್ಣು ಎಲೆಯ ಅಂಚಿನ ಮೇಲೆ ನಿಧಾನವಾಗಿ ಹೋಗಲಿ, ಅದೇ ವೇಗದಲ್ಲಿ ಪೆನ್ಸಿಲ್ ಹಾಳೆ ಮೇಲೆ ಹೋಗಲಿ. ಎತ್ತಬೇಡಿ. ಮುಗಿದಾಗ ಚಿತ್ರ ಸೊಟ್ಟಗೆ ಬಂದಿರುತ್ತದೆ, ನಗು ಬರುತ್ತದೆ. ಪರವಾಗಿಲ್ಲ. ಅಷ್ಟು ಹೊತ್ತು ವಾರ್ಡಿನ ಮಾನಿಟರ್ ಸದ್ದು ನನ್ನ ಕಿವಿಯಲ್ಲಿ ಇರಲ್ಲ. ನನಗೆ ಬೇಕಾಗಿದ್ದು ಅದೇ.

ಲೆಕ್ಕ ಕೇಳುವವ

ಮನಸ್ಸಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತೀರಿ. ಆಧಾರ ಏನಾದರೂ ಇದೆಯಾ, ಅಥವಾ ಸುಮ್ನೆ ಹೇಳುವುದಾ? ಜಗಳಕ್ಕೆ ಕೇಳುತ್ತಿಲ್ಲ.

ಗೀಜಗ

ಒಂದಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದು. 39 ಜನರನ್ನು ಕೂರಿಸಿ 45 ನಿಮಿಷ ತಮಗಿಷ್ಟ ಬಂದಂತೆ ಏನಾದರೂ ಕಲೆಯ ಕೆಲಸ ಮಾಡಿ ಅಂದರು. ಮಾರ್ಕರ್, ಜೇಡಿಮಣ್ಣು, ಕಾಗದ ಅಂಟಿಸುವುದು. ಮೊದಲು ಮತ್ತು ಆಮೇಲೆ ಎಂಜಲು ತೆಗೆದು ಕಾರ್ಟಿಸಾಲ್ ಅಳೆದರು. ಒತ್ತಡ ಆದಾಗ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಅಂತ ವ್ಯತ್ಯಾಸ ಕಾಣಲಿಲ್ಲ.

ಲೆಕ್ಕ ಕೇಳುವವ

39 ಜನ ಕಡಿಮೆ ಆಯ್ತು ಅಲ್ವಾ? ಮತ್ತೆ, ಏನೂ ಮಾಡದೆ 45 ನಿಮಿಷ ಸುಮ್ಮನೆ ಕೂತವರ ಗುಂಪು ಒಂದು ಇರಬೇಕಿತ್ತು ಹೋಲಿಸಲು. ಫೋನ್ ಬದಿಗಿಟ್ಟು ಕೂತರೆ ಯಾರಿಗಾದರೂ ಇಳಿಯಬಹುದು.

ಗೀಜಗ

ನಿಜ, ಹೋಲಿಸುವ ಗುಂಪು ಇರಲಿಲ್ಲ. ಅದು ಪ್ರಕೃತಿಯ ಚಿತ್ರವೂ ಅಲ್ಲ, ಒಳಾಂಗಣದಲ್ಲಿ ಮಾಡಿದ್ದು. ನಾನು ಅದನ್ನು ಹಿಡಿದುಕೊಂಡು ಬಿಡಿಸುತ್ತಿಲ್ಲ. ನೆನಪಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿ ಆಧಾರ ಇದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಪದಗಳನ್ನು ಬರೆದುಕೊಂಡವರಿಗಿಂತ ಅದರ ಚಿತ್ರ ಬಿಡಿಸಿಕೊಂಡವರು ಹೆಚ್ಚು ನೆನಪಿಟ್ಟುಕೊಂಡರು. ಚಿತ್ರ ಚೆನ್ನಾಗಿರಬೇಕು ಅಂತೇನೂ ಇರಲಿಲ್ಲ.

ಹಕ್ಕಿ ವಿಷಯಕ್ಕೆ ಬರುತ್ತೇನೆ. ಕೆರೆ ಏರಿ ಮೇಡಂ, ಹಕ್ಕಿ ಹಾರಿಹೋಗುತ್ತದೆ ಅನ್ನುವ ಸಮಸ್ಯೆ ನಿಮಗೆ ಬಂದೇ ಬರುತ್ತದೆ. ಮೊದಲು ಅಲ್ಲಾಡದ ಹಕ್ಕಿ ಹಿಡಿಯಿರಿ. ಕೆರೆಯಲ್ಲಿ ನೀರುಕಾಗೆ ಮುಳುಗಿ ಎದ್ದು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಬಹಳ ಹೊತ್ತು ನಿಲ್ಲುತ್ತದೆ. ಬಾತುಕೋಳಿಯ ಗರಿಯಷ್ಟು ಅದರ ಗರಿ ನೀರು ತಡೆಯಲ್ಲ, ಅದಕ್ಕೇ ಆ ಒಣಗಿಸುವಿಕೆ. ಬೆಳ್ಳಕ್ಕಿ ಮೀನಿಗೆ ಹೊಂಚು ಹಾಕಿ ನಿಂತಾಗಲೂ ಅಷ್ಟೇ. ಒಂದೇ ಹಾಳೆಯಲ್ಲಿ ನಾಲ್ಕೈದು ಅರೆಬರೆ ಚಿತ್ರ ಶುರು ಮಾಡಿ. ಹಕ್ಕಿ ಭಂಗಿ ಬದಲಿಸಿದರೆ ಬೇರೆ ಚಿತ್ರಕ್ಕೆ ಹೋಗಿ. ಅದು ಮತ್ತೆ ಹಳೆ ಭಂಗಿಗೆ ಬಂದೇ ಬರುತ್ತದೆ.

ಬಾತಿ ಕಡೆಯೋ ಕೊಂಡಜ್ಜಿ ಕಡೆಯೋ ಮಳೆಗಾಲದಲ್ಲಿ ಹೋದರೆ ನೀರಿನ ಪಕ್ಕದ ಜಾಲಿ, ಈಚಲು ಮರ ನೋಡಿ. ಗೀಜಗನ ಗೂಡು ನೇತಾಡುತ್ತಿರುತ್ತವೆ. ಕೆಲವು ಅರ್ಧಕ್ಕೇ ನಿಂತಿರುತ್ತವೆ. ಗಂಡು ಹಕ್ಕಿ ಗೂಡನ್ನು ಅರ್ಧ ಹೆಣೆದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡಿ ಉದ್ದದ ಕೊಳವೆ ಬಾಗಿಲು ಇಡುತ್ತದೆ. ಒಪ್ಪದಿದ್ದರೆ ಹಾಗೇ ಬಿಡುತ್ತದೆ. ಒಂದೇ ಮರದಲ್ಲಿ ಗೂಡಿನ ಎಲ್ಲ ಹಂತಗಳೂ ಸಿಗುತ್ತವೆ. ಹಾಳೆ ತುಂಬಲು ಇದಕ್ಕಿಂತ ಬೇಕಾ?

ಮೆಕ್ಕೆಜೋಳ

ನಾನು ರೈತ. ಶಾಂತಿ, ಸಮಾಧಾನ ಅಂತ ಪುಸ್ತಕ ಹಿಡಿದವನಲ್ಲ. ಮಗಳು ಶಾಲೆಗೆ ಅಂತ ಶುರು ಮಾಡಿದಳು, ಈಗ ಇಬ್ಬರೂ ಬರೆಯುತ್ತೇವೆ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಮೆಕ್ಕೆಜೋಳ. 2018ರಲ್ಲಿ ಸೈನಿಕ ಹುಳು ಬಂದದ್ದು ಎಲ್ಲರಿಗೂ ನೆನಪಿರಬೇಕು. ಅದೂ ದೇಶದಲ್ಲೇ ಮೊದಲು ಪತ್ತೆಯಾಗಿದ್ದು ಪಕ್ಕದ ಶಿವಮೊಗ್ಗದಲ್ಲಿ. ಹೊಲದಲ್ಲಿ ಹುಳ ಕಂಡ ತಕ್ಷಣ ಎಲ್ಲವೂ ಅದೇ ಅಂದುಕೊಂಡು ಔಷಧಿ ಹೊಡೆಯುವವರೇ ಜಾಸ್ತಿ. ಮಗಳು ಹುಳವನ್ನು ಗಾಜಿನ ಲೋಟದಲ್ಲಿ ಇಟ್ಟು ದೊಡ್ಡದಾಗಿ ಬಿಡಿಸಿದಳು. ತಲೆ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಇದೆಯಾ, ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಇವೆಯಾ ಅಂತ ನೋಡಬೇಕು. ಎರಡೂ ಇದ್ದರೆ ಅದೇ ಹುಳು. ಮೊಬೈಲಲ್ಲಿ ಫೋಟೋ ತೆಗೆದಾಗ ನನಗೆ ಆ ಚುಕ್ಕೆ ಕಂಡಿರಲಿಲ್ಲ. ಬಿಡಿಸುವಾಗ ಎಣಿಸಲೇಬೇಕಲ್ಲ.

ಈಗ ಪುಸ್ತಕದಲ್ಲಿ ಬಿತ್ತನೆ ದಿನ, ಮೊದಲ ಮೊಟ್ಟೆ ಕಂಡ ದಿನ, ಸುಳಿಯಲ್ಲಿ ಹಿಕ್ಕೆ ಕಂಡ ದಿನ ಎಲ್ಲ ಇದೆ. ಅಳತೆಗೆ ಸ್ಕೇಲ್ ಬಳಸಲ್ಲ. ಪೈರು ಇಷ್ಟು ಗೇಣು, ಎಲೆ ಇಷ್ಟು ಬೆರಳು. ಕೈ ಯಾವಾಗಲೂ ಜೊತೆಗೇ ಇರುತ್ತದೆ.

ದುರ್ಗದ ಬಂಡೆ

ಮೆಕ್ಕೆಜೋಳ ಅಣ್ಣ, ಆ ಹುಳದ ಹಾಳೆ ಇಲ್ಲಿ ಹಾಕಿ. ನೋಡಬೇಕು.

ಮೆಕ್ಕೆಜೋಳ

ಮಗಳನ್ನು ಕೇಳಿ ಹಾಕುತ್ತೇನೆ. ಪುಸ್ತಕ ಅವಳದು.

ಲೆಕ್ಕ ಕೇಳುವವ

ಇಲ್ಲಿ ಒಂದು ತಕರಾರು. ಮೆಕ್ಕೆಜೋಳ ಅವರು ಮಾಡುತ್ತಿರುವುದು ದಾಖಲೆ. ದಿನಾಂಕ, ಅಳತೆ, ಎಣಿಕೆ. ನೈಟ್ ಶಿಫ್ಟ್ ಮೇಡಂ ಮಾಡುತ್ತಿರುವುದು ಮನಸ್ಸಿನ ವಿಶ್ರಾಂತಿ. ಎರಡೂ ಒಂದೇ ಪುಸ್ತಕದಲ್ಲಿ ಹೇಗೆ? ಎಣಿಸಲು ಶುರು ಮಾಡಿದರೆ ಅದೂ ಆಫೀಸ್ ಕೆಲಸವೇ ಆಗಲ್ವಾ?

ನೈಟ್ ಶಿಫ್ಟ್

ನನಗೆ ಹಾಗೆ ಅನಿಸಿಲ್ಲ. ಶಾಂತವಾಗಬೇಕು ಅಂತ ಕೂತ ದಿನ ಶಾಂತಿ ಬರಲ್ಲ. ಈ ಕೊಂಬೆಯಲ್ಲಿ ಗಂಟಿರುವ ಎಲೆ ಎಷ್ಟು, ಇಲ್ಲದ್ದು ಎಷ್ಟು ಅಂತ ಎಣಿಸಲು ಕೂತ ದಿನ ಬರುತ್ತದೆ.

ಜಗಳೂರು ಮೇಷ್ಟ್ರು

ಆಫೀಸಿನ ಎಣಿಕೆಗೆ ಯಾರಿಗೋ ಉತ್ತರ ಕೊಡಬೇಕು. ಎಲೆಯ ಎಣಿಕೆ ಯಾರೂ ಕೇಳಲ್ಲ. ವ್ಯತ್ಯಾಸ ಅಷ್ಟೇ ಅಂತ ನನ್ನ ಅನಿಸಿಕೆ. ಹಾಗೆ ನೋಡಿದರೆ ನಿಜವಾದ ಹಾಳುಮಾಡುವಿಕೆ ಎಣಿಕೆಯಿಂದ ಅಲ್ಲ, ಪ್ರದರ್ಶನದಿಂದ. ನಮ್ಮ ಶಾಲೆಯಲ್ಲಿ ಒಮ್ಮೆ ಒಳ್ಳೆ ಪುಸ್ತಕಕ್ಕೆ ಬಹುಮಾನ ಅಂತ ಯಾರೋ ಘೋಷಿಸಿದರು. ಮಾರನೇ ವಾರದಿಂದ ಎಲ್ಲರ ಪುಸ್ತಕದಲ್ಲೂ ನವಿಲು. ಗೂಗಲ್ ನೋಡಿ ಬಿಡಿಸಿದ ನವಿಲು! ಬಹುಮಾನ ನಿಲ್ಲಿಸಿದ ಮೇಲೆ ಮತ್ತೆ ಇರುವೆ ಗೂಡು, ಮುತ್ತುಗದ ಹೂವು ವಾಪಸ್ ಬಂದವು.

ಎಣಿಕೆ ಇಷ್ಟ ಇರುವವರಿಗೆ ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮವೂ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂವು, ಕಾಯಿ ಎಷ್ಟಿದೆ ಅಂತ ದಾಖಲಿಸುವುದು. ದೇಶದ ಬೇರೆ ಬೇರೆ ಕಡೆಯಿಂದ ಶಾಲೆಗಳು ಕಳಿಸುತ್ತವೆ. ಹೊಂಗೆ ಮರದವರು ನೋಡಬಹುದು.

ಕೆರೆ ಏರಿ (ದಾವಣಗೆರೆ)

ಮೇಷ್ಟ್ರು ಹೇಳಿದ ನವಿಲಿನ ವಿಷಯ ನನಗೆ ತಾಗಿತು. ಇನ್‌ಸ್ಟಾಗ್ರಾಂನಲ್ಲಿ ಹಾಕಬೇಕು ಅಂತ ಗೊತ್ತಿದ್ದ ದಿನ ನಾನು ಕೆರೆ ನೋಡಲ್ಲ, ಹಾಳೆಯ ಅಂಚು ನೋಡುತ್ತೇನೆ. ಇನ್ನು ಮುಂದೆ ಹಾಕಲ್ಲ. ಯಾರಾದರೂ ಮನೆಗೆ ಬಂದರೆ ತೋರಿಸುತ್ತೇನೆ.

ಒಂದು ಪ್ರಶ್ನೆ ಉಳಿಯಿತು. ಕಾಗದ. ನನ್ನ ಪುಸ್ತಕದಲ್ಲಿ ನೀರು ಬಿದ್ದರೆ ಹಾಳೆ ಸುರುಟಿಕೊಳ್ಳುತ್ತದೆ. ಒಳ್ಳೆ ಜಲವರ್ಣದ ಪುಸ್ತಕದ ಬೆಲೆ ಕೇಳಿದರೆ ಬಿಡಿಸುವ ಧೈರ್ಯವೇ ಹೋಗುತ್ತದೆ.

ಬೈಂಡಿಂಗ್ ಅಂಗಡಿ

ಇದು ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ. ಸಾಮಾನ್ಯ ನೋಟ್‌ಬುಕ್ ಕಾಗದ 60-70 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ. ಅದಕ್ಕೆ ನೀರು ತೋರಿಸಲೇಬಾರದು. ಪೆನ್ಸಿಲ್, ಬಾಲ್ ಪೆನ್ನಿಗೆ ಸಾಕು. ಸ್ವಲ್ಪ ಬಣ್ಣ ಹಚ್ಚುವವರಿಗೆ 150ರಿಂದ 200. ನೀರು ಹರಿಸಿ ಬಣ್ಣ ಹಾಕುವವರಿಗೆ 300.

ಪುಸ್ತಕ ಕೊಳ್ಳಬೇಡಿ, ಬಿಡಿ ಹಾಳೆ ಕೊಳ್ಳಿ. 22 ಇಂಚು ಅಗಲ, 30 ಇಂಚು ಉದ್ದದ ದೊಡ್ಡ ಶೀಟ್ ಸಿಗುತ್ತದೆ. ಮೂರು ಸಲ ಮಡಚಿ ಕತ್ತರಿಸಿದರೆ ಏಳೂವರೆ ಇಂಚು, ಹನ್ನೊಂದು ಇಂಚಿನ ಎಂಟು ಹಾಳೆ. ಅಂಥ ಕೆಲವು ಶೀಟ್ ತಂದು ಯಾವುದಾದರೂ ಬೈಂಡಿಂಗ್ ಅಂಗಡಿಗೆ ಕೊಡಿ. ಅಂಟು ಹಾಕಬೇಡಿ, ಹೊಲಿಯಿರಿ ಅಂತ ಹೇಳಿ. ಹೊಲಿದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಮಧ್ಯೆ ಮಧ್ಯೆ ತೆಳು ಹಾಳೆ ಸೇರಿಸಿ ಹೊಲಿಸಿದರೆ ಬರೆಯಲು ಅದು, ಬಣ್ಣಕ್ಕೆ ಇದು.

ಪೆನ್ನಿನ ವಿಷಯ. ಜೆಲ್ ಪೆನ್ನಿನಲ್ಲಿ ಗೆರೆ ಹಾಕಿ ಮೇಲೆ ನೀರು ಹಚ್ಚಿದರೆ ಬಹಳಷ್ಟು ಪೆನ್ನುಗಳ ಇಂಕು ಹರಡುತ್ತದೆ. ಮಾಮೂಲಿ ಬಾಲ್ ಪೆನ್ನಿನ ಇಂಕು ಎಣ್ಣೆಯದು, ಹರಡಲ್ಲ. ಅಗ್ಗದ್ದೇ ಇಲ್ಲಿ ಒಳ್ಳೆಯದು. ಬಣ್ಣಕ್ಕೆ ಕ್ಯಾಮಲ್ ಕಂಪನಿಯ ವಿದ್ಯಾರ್ಥಿಗಳ ಡಬ್ಬಿ ಸಾಕು. ಪೆನ್ಸಿಲ್ ಎಚ್‌ಬಿ ಒಂದು, 4ಬಿ ಒಂದು.

ದುರ್ಗದ ಬಂಡೆ

ಬಾಲ್ ಪೆನ್ನಿಗೆ ನನ್ನ ಮತವೂ ಇದೆ. ಅಳಿಸಲು ಆಗಲ್ಲ, ಹಾಗಾಗಿ ಮುಂದಕ್ಕೆ ಹೋಗುತ್ತೇವೆ.

ಜಲವರ್ಣ ಕಲಿಯುವವರು ಪಿ.ಆರ್. ತಿಪ್ಪೇಸ್ವಾಮಿ ಅವರ ನಿಸರ್ಗ ಚಿತ್ರಗಳನ್ನು ಹುಡುಕಿ ನೋಡಿ. ನಮ್ಮ ಜಿಲ್ಲೆಯ ಹರ್ತಿಕೋಟೆಯವರು. ದಾವಣಗೆರೆಯವರಿಗಂತೂ ಊರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ.

ಮಂಡಕ್ಕಿ ಮಿರ್ಚಿ

ಮೊದಲ ದಿನ ತಮಾಷೆ ಮಾಡಿದ್ದು ನಾನೇ. ಈಗ ಒಂದು ನಿಜವಾದ ಪ್ರಶ್ನೆ. ನಿನ್ನೆ ಮಧ್ಯಾಹ್ನ ಮಗನ ಬಣ್ಣದ ಡಬ್ಬಿ ತೆಗೆದುಕೊಂಡು ತಾರಸಿ ಮೇಲೆ ಮೋಡ ಬಿಡಿಸಲು ಕೂತೆ. ಬ್ರಷ್ ಎತ್ತುವುದರೊಳಗೆ ಬಣ್ಣ ಒಣಗಿ ಗೆರೆ ಗೆರೆ ಆಗುತ್ತದೆ. ಏನು ಮಾಡೋದು?

ದುರ್ಗದ ಬಂಡೆ

ಮಧ್ಯಾಹ್ನ ತಾರಸಿ ಮೇಲೆ ಕೂತಿದ್ದೀರಲ್ಲ, ಮೊದಲು ನೀರು ಕುಡಿಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು. ಹಾಳೆಯನ್ನು ಹಿಂದೆ ಮುಂದೆ ಎರಡೂ ಕಡೆ ಒದ್ದೆ ಮಾಡಿ, ಒದ್ದೆ ಇರುವಾಗಲೇ ಆಕಾಶದ ನೀಲಿ ಹರಿಸಿ. ಮೋಡ ಇರುವ ಕಡೆ ಹತ್ತಿಬಟ್ಟೆ ಒತ್ತಿ ಬಣ್ಣ ಎತ್ತಿಬಿಡಿ, ಬಿಳಿ ತಾನಾಗೇ ಸಿಗುತ್ತದೆ. ಬ್ರಷ್ ಸ್ವಲ್ಪ ದಪ್ಪದ್ದು ತೆಗೆದುಕೊಳ್ಳಿ, ಮಕ್ಕಳ ಡಬ್ಬಿಯಲ್ಲಿ ಬರುವ ಸಣ್ಣ ಬ್ರಷ್ ನೀರು ಹಿಡಿಯಲ್ಲ. ಆರಿದ್ರ ಮಳೆ ಹೊತ್ತಿಗೆ ಉಲ್ಟಾ ದೂರು ಹೇಳ್ತೀರಿ, ಬಣ್ಣ ಒಣಗೋದೇ ಇಲ್ಲ ಅಂತ.

ಕೆರೆ ಏರಿ (ದಾವಣಗೆರೆ)

ದಾವಣಗೆರೆಯವರು ಯಾರಾದರೂ ಭಾನುವಾರ ಬೆಳಿಗ್ಗೆ ಆರೂವರೆಗೆ ಕುಂದವಾಡ ಕೆರೆಗೆ ಬರುವುದಾದರೆ ತಿಳಿಸಿ. ಗಾಜಿನಮನೆ ಕಡೆಯಿಂದ ಬಂದರೂ ಆಗುತ್ತದೆ. ಗೀಜಗ ಸರ್, ಆ ನೀರುಕಾಗೆ ಯಾವ ಕಡೆ ಕೂರುತ್ತದೆ ಅಂತ ನೀವು ಬಂದರೆ ಗೊತ್ತಾಗುತ್ತೆ.

ಗೀಜಗ

ಬರುತ್ತೇನೆ. ಬಿಳಿ ಅಂಗಿ ಬೇಡ, ಮಾಸಲು ಬಣ್ಣದ್ದು ಹಾಕಿಕೊಳ್ಳಿ. ಸೂರ್ಯ ಬೆನ್ನ ಹಿಂದೆ ಬರುವಂತೆ ಕೂರೋಣ.

ಮಂಡಕ್ಕಿ ಮಿರ್ಚಿ

ನಾನೂ ಬರ್ತೀನಿ. ಆಮೇಲೆ ಬೆಣ್ಣೆದೋಸೆ ನನ್ನ ಕಡೆಯಿಂದ.